ಟೋಪಿಯ ನೆರಳು

ಫೋಟೋಗಳಲ್ಲಿ ಆ ಹೆಂಗಸು ಎಲ್ಲೂ ಇರಲಿಲ್ಲ. ಸುಟ್ಟ ಸೋಲಾರ್ ಪ್ಯಾನೆಲ್ ಇತ್ತು, ಅದರ ಬೆನ್ನಿಗಂಟಿದ ಕಪ್ಪು ಪೆಟ್ಟಿಗೆ ಕರಗಿ ಮೂತಿ ಸೊಟ್ಟಗಾಗಿದ್ದು ಇತ್ತು, ತಾರಸಿಯ ಮೂಲೆಯ ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ, ಹಗ್ಗದ ಮೇಲೆ ಬೆಡ್‌ಶೀಟುಗಳು, ಒಂದು ಗಂಡಸಿನ ಶರ್ಟು, ಎಲ್ಲವೂ ಇದ್ದವು. ರಜೆಯ ಮಧ್ಯಾಹ್ನ ಕಿಟಕಿಯ ಪರದೆ ಎಳೆದುಕೊಂಡು, ವರದಿ ಕೊಟ್ಟು ಕೈತೊಳೆದುಕೊಂಡ ಕೇಸಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಹಿಗ್ಗಿಸಿ ನೋಡುತ್ತಿದ್ದ ಅವನಿಗೆ ತಾನು ಮಾಡುತ್ತಿರುವುದೇನು ಎಂದು ಚೆನ್ನಾಗಿಯೇ ಗೊತ್ತಿತ್ತು. ಐವತ್ತು ದಾಟಿದ ಗಂಡಸು. ವಿಮಾ ಕಂಪನಿಗಳ ಪರವಾಗಿ ಊರೂರು ಸುತ್ತಿ, ಸೋಲಾರ್ ಸಾಮಾನಿಗೆ ಏನಾಗಿದೆ, ಯಾಕಾಗಿದೆ, ರಿಪೇರಿಯಾಗುತ್ತದೋ ಇಲ್ಲವೋ ಎಂದು ಹೇಳಿ ಹೊಟ್ಟೆ ಹೊರೆಯುವವನು. ತಾರಸಿಯೊಂದರ ಮೇಲೆ ತನ್ನೊಡನೆ ಸ್ವಲ್ಪ ಹೊತ್ತು ಮಾತಾಡಿದ ಹೆಂಗಸಿನ ಕೈಯೋ ಚಪ್ಪಲಿಯೋ ಅಕಸ್ಮಾತ್ತಾಗಿ ಯಾವುದಾದರೂ ಚಿತ್ರದ ಅಂಚಿನಲ್ಲಿ ಸಿಕ್ಕಿಬಿದ್ದಿದೆಯೇ ಎಂದು ಕಳ್ಳನಂತೆ ಹುಡುಕುತ್ತಿದ್ದ. ತನ್ನದೇ ಕೋಣೆಯಲ್ಲಿ ತನ್ನದೇ ಕಂಪ್ಯೂಟರಿನ ಮುಂದೆ, ನೋಡುವವರು ಯಾರೂ ಇಲ್ಲದಿದ್ದರೂ, ಅವನ ಕಿವಿ ಬಿಸಿಯಾಗಿತ್ತು. ಆಗಲೇ ಅವನಿಗೆ ಅದು ಕಂಡಿತು. ಎರಡು ಪ್ಯಾನೆಲ್‌ಗಳ ನಡುವಿನ ಬೆಳ್ಳಿ ಬಣ್ಣದ ಚೌಕಟ್ಟಿನ ಮೇಲೆ ಬೂದು ಬಣ್ಣದ ಒಂದು ಕಮಾನು. ಕಪ್ಪು ಗಾಜಿನ ಮೇಲೆ ನೆರಳು ಬಿದ್ದರೆ ಗೊತ್ತಾಗುವುದಿಲ್ಲ, ಆದರೆ ಬಿಳಿ ಲೋಹ ಏನನ್ನೂ ಬಚ್ಚಿಡುವುದಿಲ್ಲ. ಆ ಕಮಾನನ್ನು ಅವನು ಗುರುತಿಸದೆ ಇರಲು ಸಾಧ್ಯವೇ ಇರಲಿಲ್ಲ. ಅದು ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿದ್ದ ಅವನ ಅಗಲ ಅಂಚಿನ ಟೋಪಿಯದು.

ಅವನು ಎದ್ದು ಹೋಗಿ ಟೋಪಿಯನ್ನು ಮುಟ್ಟಿ ನೋಡಿದ. ಯಾಕೆ ಮುಟ್ಟಿದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಮತ್ತೆ ಬಂದು ಕೂತು, ಅದೇ ಕ್ಷಣದಲ್ಲಿ ತೆಗೆದ ಶಾಖದ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡ. ಅವನ ಕ್ಯಾಮೆರಾ ಒಂದು ಸಲ ಒತ್ತಿದರೆ ಎರಡು ಚಿತ್ರ ತೆಗೆಯುತ್ತದೆ: ಕಣ್ಣಿಗೆ ಕಾಣುವುದೊಂದು, ಬಿಸಿಯದೊಂದು. ಬಿಸಿಯ ಚಿತ್ರದಲ್ಲಿ ನೀಲಿ ಪ್ಯಾನೆಲ್‌ಗಳ ಮೇಲೆ ಅಕ್ಕಪಕ್ಕ ಎರಡು ಚೌಕಗಳು ಕೆಂಡವಾಗಿದ್ದವು; ಸರಿಯಾಗಿ ಟೋಪಿಯ ಕಮಾನಿನ ಎಡಕ್ಕೊಂದು, ಬಲಕ್ಕೊಂದು. ಈ ಎರಡು ಕೆಂಪು ಚೌಕಗಳ ಬಲದ ಮೇಲೆಯೇ ಅವನು ವರದಿ ಬರೆದದ್ದು. ಚೆನ್ನಾಗಿರುವ ಪ್ಯಾನೆಲ್‌ಗಳಲ್ಲೂ ಬಿಸಿ ಚುಕ್ಕೆಗಳಿವೆ. ಬಟ್ಟೆ ಹಗ್ಗದ ನೆರಳು ಬಹಳ ಕಾಲದಿಂದ ಬೀಳುತ್ತ ಬಂದಿರುವುದೇ ಇದಕ್ಕೆ ಕಾರಣ. ಹಿಂದಿನ ಸಾಲಿನ ಪ್ಯಾನೆಲ್ ಸುಟ್ಟಿದ್ದೂ ಇದರಿಂದಲೇ ಹೊರತು ಸಿಡಿಲಿನಿಂದಲ್ಲ. ಆದ್ದರಿಂದ ಇದು ಮನೆಯವರ ಅಜಾಗ್ರತೆ, ಪರಿಹಾರಕ್ಕೆ ಅರ್ಹವಲ್ಲ. ಎಷ್ಟು ಚೆನ್ನಾಗಿ ಬರೆದಿದ್ದ! ಓದಿದರೆ ಯಾರಾದರೂ ತಲೆದೂಗಬೇಕು, ಹಾಗೆ. ಸಾಲಾಗಿ ಜೋಡಿಸಿದ ಚೌಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ ಅದು ಸುಮ್ಮನೆ ತಣ್ಣಗಾಗಿ ಕೂರುವುದಿಲ್ಲ. ಉಳಿದವು ಹುಟ್ಟಿಸಿದ ವಿದ್ಯುತ್ತೆಲ್ಲ ಅದನ್ನೇ ಹಾದು ಹೋಗಬೇಕು. ತಾನು ಕೊಡಲಾರದೆ, ಬೇರೆಯವರು ಕೊಟ್ಟದ್ದನ್ನು ತಾಳಲಾರದೆ ಅದು ಒಳಗೊಳಗೇ ಕಾಯುತ್ತದೆ. ಕೆಲಸ ಕಲಿಸಿದ ಮುದುಕ ಸರ್ವೇಯರ್ ಮೊದಲ ದಿನವೇ ಇದನ್ನು ಹೇಳಿದ್ದ. ಅವನನ್ನು ಎಲ್ಲರೂ ಹಿಂದಿನಿಂದ ಟೋಪಿ ಸಾಹೇಬರು ಎನ್ನುತ್ತಿದ್ದರು. ಜನರಿಗೆ ಟೋಪಿ ಹಾಕಲು ಬರುವವನು ಎಂಬ ಕುಚೋದ್ಯವೂ ಅದರೊಳಗಿತ್ತು. ಕೆಲಸ ಬಿಡುವಾಗ ಟೋಪಿಯನ್ನೂ ಅದರ ಜೊತೆ ಆ ಹೆಸರನ್ನೂ ಇವನ ತಲೆಗೆ ದಾಟಿಸಿ ಹೋದ. "ಕ್ಯಾಮೆರಾ ಎತ್ತೋ ಮೊದ್ಲು ನಿನ್ನ ನೆರಳು ಎಲ್ಲಿದೆ ನೋಡ್ಕೊಳ್ಳಯ್ಯ. ಅದನ್ನ ನೋಡ್ಕೊಳ್ಳದೇ ಇರೋನು ಈ ಕೆಲಸಕ್ಕೆ ಬರಬಾರ್ದು" ಎಂದು ಮುದುಕ ಹೇಳಿದ್ದು ಇವನಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ಇಷ್ಟು ವರ್ಷಗಳಲ್ಲಿ ಎಂದೂ ತಪ್ಪಿರಲಿಲ್ಲ.

ಅವತ್ತು ಯಾಕೆ ತಪ್ಪಿತು ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಅದು ಮೊಟ್ಟೆಗಳಿಂದ ಮರಿ ಮಾಡಿಸುವ ಸಣ್ಣ ಹ್ಯಾಚರಿ. ಕೆಳಗೆ ಮೊಟ್ಟೆ ಕೋಣೆ, ಮೇಲೆ ಮನೆ, ಅದರ ಮೇಲೆ ತಾರಸಿ. ಮಳೆಗಾಳಿಯ ಸಂಜೆ ಸಿಡಿಲು ಬಡಿದು ಒಂದು ಸಾಲಿನ ಪ್ಯಾನೆಲ್ ಸುಟ್ಟು, ಊರಿನ ಕರೆಂಟೂ ಕೈಕೊಟ್ಟು, ಒಂದು ಸರದಿಯ ಮೊಟ್ಟೆಗಳೆಲ್ಲ ತಣ್ಣಗಾಗಿಹೋದವು ಎಂಬುದು ಅವರ ಅರ್ಜಿ. ಇವನು ಬೆಳಗಿನಿಂದ ಉಪವಾಸ. ಬಿಸಿಲು ಬೆನ್ನಿಗಿತ್ತು. ಪಕ್ಕಕ್ಕೆ ಸರಿದು ನಿಂತು ಚಿತ್ರ ತೆಗೆಯಬೇಕು ಎನ್ನುವಷ್ಟರಲ್ಲಿ ಮೆಟ್ಟಿಲ ಬಾಗಿಲಿನಿಂದ, "ಊಟ ಆಯ್ತಾ?" ಎಂದು ಕೇಳಿಸಿತು. ಅಷ್ಟೇ. ಹಾನಿಯಾದವರ ಮನೆಯಲ್ಲಿ ಸರ್ವೇಯರನಿಗೆ ಉಪಚಾರಕ್ಕೇನೂ ಕೊರತೆಯಿಲ್ಲ. ಕೂರಿ ಎನ್ನುತ್ತಾರೆ, ಕುಡಿಯಿರಿ ಎನ್ನುತ್ತಾರೆ, ಪ್ರತಿ ಮಾತಿನ ಹಿಂದೆಯೂ ಒಂದು ಚೀಲ ಬಿಚ್ಚಿ ಹಿಡಿದಿರುತ್ತಾರೆ. ಈ ಮಾತಿನ ಹಿಂದೆ ಏನೂ ಇರಲಿಲ್ಲ. ಅವನ ಅಕ್ಕ ಬದುಕಿದ್ದಾಗ ಅಡುಗೆಮನೆಯಿಂದ ಹೀಗೇ ಕೇಳುತ್ತಿದ್ದಳು, ಕೇಳಿದ್ದು ನೆನಪಿಲ್ಲದೆ ಮತ್ತೊಮ್ಮೆಯೂ ಕೇಳುತ್ತಿದ್ದಳು, ಅವನು ರೇಗುತ್ತಿದ್ದ. ಅವನು ನಿಂತಲ್ಲೇ ತಿರುಗಿದ. ಒಣಗಿದ ಬಟ್ಟೆ ತೆಗೆದುಕೊಳ್ಳಲು ಬಂದಿದ್ದ ಹೆಂಗಸು. ಯಜಮಾನನ ಅಕ್ಕ, ತಮ್ಮನ ಮನೆಯಲ್ಲೇ ಇರುವವಳು, ಮೊಟ್ಟೆ ಕೋಣೆ ನೋಡಿಕೊಳ್ಳುವವಳು. "ನೀವು ಗಾಜು ನೋಡಿ ಹೇಳ್ತೀರಲ್ಲ, ನಾನು ಹಾಗೆ ಮೊಟ್ಟೆ ನೋಡಿ ಹೇಳೋದು" ಎಂದಳು. "ಕತ್ತಲೆ ಕೋಣೇಲಿ ಬಲ್ಬಿಗೆ ಹಿಡಿದ್ರೆ ಒಳಗೆ ದಾರದ ಥರ ನರ ಕಾಣುತ್ತೆ. ಕಂಡ್ರೆ ಇದೆ, ಕಾಣದಿದ್ರೆ ಇಲ್ಲ. ಆವತ್ತು ಎಲ್ಲಾನೂ ಒಂದೊಂದಾಗಿ ಹಿಡಿದು ನೋಡಿದೆ. ಒಂದ್ರಲ್ಲೂ ಇರಲಿಲ್ಲ." ಆಮೇಲೆ ಅವಳು, "ಮನೇಲಿ ಯಾರ್ಯಾರಿದ್ದಾರೆ?" ಎಂದಳು. "ಯಾರೂ ಇಲ್ಲ" ಎಂದ. ಈ ಉತ್ತರಕ್ಕೆ ಜನ ಅಯ್ಯೋ ಎನ್ನುತ್ತಾರೆ, ಅಥವಾ ಮಾತು ಬದಲಿಸುತ್ತಾರೆ. ಅವಳು, "ಹಾಗಾದ್ರೆ ಬೇಗ ಹೋಗ್ಬೇಕು ಅಂತೇನಿಲ್ಲ. ಕೂತು ನೀರು ಕುಡಿದು ಹೋಗಿ" ಎಂದು ನಕ್ಕಳು. ಎಷ್ಟು ಹೊತ್ತು ನಿಂತಿದ್ದನೋ. ಕೆಳಗಿನಿಂದ ತಮ್ಮನ ದನಿ ಬಂತು: "ಅಕ್ಕಾ, ಏನಲ್ಲಿ ಹರಟೆ? ಅವ್ರ ಕೆಲಸ ಅವ್ರು ಮಾಡ್ಕೊಳ್ಳಿ ಬಿಡು." ಅವಳು ಬಟ್ಟೆಯನ್ನೂ ತೆಗೆಯದೆ ಇಳಿದುಹೋದಳು. ಇವನು, ಏನೋ ಕದಿಯುವಾಗ ಸಿಕ್ಕಿಬಿದ್ದವನ ಹಾಗೆ, ನಿಂತಲ್ಲಿಂದಲೇ ಗಡಿಬಿಡಿಯಲ್ಲಿ ಕ್ಯಾಮೆರಾ ಎತ್ತಿ ಒತ್ತಿದ.

ವರದಿ ತಲುಪಿದ ಮೇಲೆ ಅವಳ ತಮ್ಮ ಫೋನ್ ಮಾಡಿದ್ದ. ಜಗಳಕ್ಕೆ ಬರುತ್ತಾನೆ ಎಂದುಕೊಂಡು ಇವನು ಗಂಟಲು ಸರಿಮಾಡಿಕೊಂಡಿದ್ದ. ಅವನು ಜಗಳವಾಡಲಿಲ್ಲ. "ಸಾರ್, ಬಟ್ಟೆ ಹಗ್ಗ ಅಂತ ಬರ್ದಿದೀರಲ್ಲ, ಅದು ನಮ್ಮಕ್ಕ ಕಟ್ಟಿದ್ದು. ಅದೇ ಕಾರಣ ಅಂತ ನಿಮಗೆ ಖಾತ್ರಿ ಇದೆಯಲ್ವಾ?" ಎಂದ. "ವರದೀಲಿ ಇದೆಯಲ್ಲ" ಎಂದ ಇವನು. "ಸರಿ ಬಿಡಿ. ನೀವು ಹೇಳಿದ್ದು ಒಳ್ಳೇದೇ ಆಯ್ತು. ಹಗ್ಗ ಕಿತ್ತು ಬಿಸಾಕಿದೆ. ಮೊಟ್ಟೆ ಕೋಣೆ ಕೀಲೀನೂ ಇಸ್ಕೊಂಡೆ. ಅಷ್ಟು ಮೊಟ್ಟೆ ಕೊಂದವಳ ಕೈಗೆ ಇನ್ನು ಹೇಗೆ ಕೊಡ್ಲಿ ಹೇಳಿ. ಚಿಕ್ಕಮ್ಮನ ಮನೇಲಿ ಹೋಗಿರ್ಲಿ ಅಂತಿದೀನಿ." ಆಗ ಇವನಿಗೆ ಸಂಕಟವಾಗಿತ್ತು, ಇಲ್ಲವೆನ್ನಲಾಗದು, ಆದರೆ ಅದು ತನ್ನ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿದವನ ಸಂಕಟ. ಅದರಲ್ಲಿ ಒಂದು ಬಗೆಯ ಹಿತವೂ ಇತ್ತು. ಕರುಣೆಗೆ ಬಗ್ಗದೆ ಸತ್ಯ ಬರೆದೆ ಎಂದುಕೊಂಡು ಅವತ್ತು ಹೋಟೆಲಿನಲ್ಲಿ ಒಬ್ಬನೇ ಕೂತು ಹೊಟ್ಟೆ ತುಂಬ ಊಟ ಮಾಡಿದ್ದ. ಈಗ ನೋಡಿದರೆ, ಹಗ್ಗದ ನೆರಳು ಆ ಪ್ಯಾನೆಲ್‌ಗಳವರೆಗೆ ಬರುತ್ತದೆಯೇ ಎಂದು ತಾನು ಅಳೆದೇ ಇರಲಿಲ್ಲ. ಹತ್ತಿರದಲ್ಲಿ ಹಗ್ಗವಿತ್ತು, ಕೆಂಪು ಚೌಕವಿತ್ತು, ಎರಡನ್ನೂ ಒಂದು ವಾಕ್ಯದಲ್ಲಿ ಕಟ್ಟಿಹಾಕಿದ್ದ. ತನ್ನೊಡನೆ ಎರಡು ಮಾತಾಡಿದ ತಪ್ಪಿಗೆ ಅವಳ ಕೈಯಿಂದ ಅವಳ ಕತ್ತಲೆ ಕೋಣೆ ಹೋಗಿತ್ತು, ಮನೆಯೂ ಹೋಗುವುದರಲ್ಲಿತ್ತು. ಅವನು ಕಂಪ್ಯೂಟರ್ ಆರಿಸಿದ. ಕಪ್ಪಾದ ಪರದೆಯಲ್ಲಿ ತನ್ನ ಮುಖ ಕಂಡು ಅದರ ಮೇಲೊಂದು ಟವೆಲ್ ಹಾಕಿದ.

ಮರುದಿನ ಬೆಳಿಗ್ಗೆ ವಿಮಾ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ, ಆ ಹ್ಯಾಚರಿಯ ಕೇಸನ್ನು ಇನ್ನೊಂದು ಸಲ ನೋಡಬೇಕು ಎಂದ.

"ಯಾಕ್ರೀ? ಮುಗಿದ ಕಥೆ ಅದು."

"ನಂದೊಂದು ತಪ್ಪಾಗಿದೆ. ಬಿಸಿ ಚುಕ್ಕೆ ಅಂತ ಬರೆದಿದ್ದೆನಲ್ಲ, ಅದು ನನ್ನ ನೆರಳು."

ಆ ಕಡೆ ಮ್ಯಾನೇಜರ್ ನಗತೊಡಗಿದ. "ಟೋಪಿ ಸಾಹೇಬ್ರೇ, ನಿಮ್ಮ ನೆರಳಾ? ನಿಮಗೇನಾದ್ರೂ ತಲೆ ಕೆಟ್ಟಿದೆಯಾ? ನೋಡಿ, ಹೋಗ್ಲೇಬೇಕು ಅಂದ್ರೆ ಹೋಗಿ. ಹೊಸ ಸಾಕ್ಷಿ ಸಿಕ್ತು, ಅಭಿಪ್ರಾಯ ಬದಲಾಯ್ತು ಅಂತ ಎರಡು ಸಾಲು ಬರೀರಿ, ನಾನು ಪಾಸ್ ಮಾಡಿಸ್ತೀನಿ. ನೆರಳು ಗಿರಳು ಅಂತ ಎಲ್ಲೂ ಬಾಯಿಬಿಡಬೇಡಿ. ನೀವು ಈವರೆಗೆ ಬರೆದಿದ್ದೆಲ್ಲ ಕೆದಕ್ತಾರೆ. ನಿಮ್ಮ ಕಥೆ ಇರ್ಲಿ, ನನ್ನ ಗತಿ ಏನು?"

ದಾರಿಯೇನೋ ಸಲೀಸಾಗಿತ್ತು. ಹೊಸ ಸಾಕ್ಷಿ. ಪರಿಹಾರ ಅವರಿಗೆ ಸಿಗುತ್ತದೆ, ಪೆಟ್ಟಿಗೆ ಬದಲಾಗುತ್ತದೆ, ಇವನ ಹೆಸರಿಗೂ ಧಕ್ಕೆಯಿಲ್ಲ. ಆದರೆ ತಮ್ಮ ಏನೆಂದುಕೊಳ್ಳುತ್ತಾನೆ? ಹೇಗೋ ಕಂಪನಿಯವರ ಮನಸ್ಸು ಕರಗಿತು, ಅದೃಷ್ಟ ಖುಲಾಯಿಸಿತು ಎನ್ನುತ್ತಾನೆ. ಹಗ್ಗ ಕಟ್ಟಿದ್ದು ಅಕ್ಕ ಎನ್ನುವುದು ಹಾಗೇ ಉಳಿದುಬಿಡುತ್ತದೆ. ಅದು ಹೋಗಬೇಕಾದರೆ ಅವನೆದುರು ನಿಂತು, ಅದು ನಾನು, ಅದು ನನ್ನ ತಲೆಯ ನೆರಳು ಎನ್ನಬೇಕು. ಬಸ್ಸಿಗೆ ಹೊರಡುವ ಮುನ್ನ ಅವನು ಇಸ್ತ್ರಿಯಾದ ನೀಲಿ ಶರ್ಟನ್ನು ಹಾಕಿಕೊಂಡ, ಕನ್ನಡಿ ನೋಡಿಕೊಂಡು ನಾಚಿ ಅದನ್ನು ಬಿಚ್ಚಿ ದಿನವೂ ಹಾಕುವ ಕಂದು ಶರ್ಟನ್ನೇ ಹಾಕಿಕೊಂಡ, ಬಾಗಿಲವರೆಗೆ ಹೋಗಿ ಮತ್ತೆ ಒಳಗೆ ಬಂದು ನೀಲಿಯದನ್ನು ಹಾಕಿಕೊಂಡ. ನಿಜಕ್ಕೂ ಹೋಗುತ್ತಿರುವುದು ಯಾತಕ್ಕೆ? ಬಸ್ಸಿನ ಕಿಟಕಿಯಲ್ಲಿ ಗೋದಾಮುಗಳು, ಗೋಡೆಗಳು, ಟೈರು ಅಂಗಡಿಗಳು ಹಿಂದೆ ಸರಿಯುತ್ತಿದ್ದಾಗ ಈ ಪ್ರಶ್ನೆ ಅವನನ್ನು ಬಿಡಲಿಲ್ಲ. ನ್ಯಾಯಕ್ಕೇ ಆಗಿದ್ದರೆ ಒಂದು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ತಪ್ಪು ಸಿಕ್ಕಿದ ಗಳಿಗೆಯಲ್ಲಿ ನಾಚಿಕೆಯ ತಳದಲ್ಲೆಲ್ಲೋ, ಅಲ್ಲಿಗೆ ಮತ್ತೆ ಹೋಗಲು ಒಂದು ನೆವ ಸಿಕ್ಕಿತಲ್ಲ ಎಂದು ಒಂದು ಸಂತೋಷ ಮಿಸುಕಾಡಿದ್ದನ್ನು ಅವನು ಕಂಡಿದ್ದ. ಈಗ ಆ ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಈ ಸಲ ಕೂತು ನೀರು ಕುಡಿಯಬೇಕು ಎಂದುಕೊಂಡ. ಕೂತು, ನಿಧಾನವಾಗಿ, ಪೂರ್ತಿ ಲೋಟ.

ಬಾಗಿಲು ತೆಗೆದವನು ತಮ್ಮ. ಸೊಂಟದ ಕೀಲಿ ಗೊಂಚಲಿನಲ್ಲಿ ಉಳಿದವುಗಳಿಗಿಂತ ಹೊಳೆಯುವ ಒಂದು ಕೀಲಿಯಿತ್ತು; ದಿನವೂ ಒಂದೇ ಕೈ ಹಿಡಿದು ಸವೆದ ಹೊಳಪು. "ಮತ್ತೇನು ಸಾರ್, ಸುಟ್ಟಿದ್ದು ಸಾಲ್ದು ಅಂತ ಉಳಿದಿದ್ದನ್ನೂ ನೋಡೋಕೆ ಬಂದ್ರಾ?" ಎಂದು ನಕ್ಕ. ನಗುವಿನಲ್ಲಿ ವಿಷವೇನೂ ಇರಲಿಲ್ಲ. ಅವನು ಕೆಟ್ಟವನಲ್ಲ, ಒಂದು ಸರದಿ ಮೊಟ್ಟೆ ಕಳೆದುಕೊಂಡು ಯಾರ ಮೇಲಾದರೂ ಅದನ್ನು ಇಳಿಸಿ ಹಗುರಾಗಬೇಕಾಗಿದ್ದವನು. ಹಜಾರದಲ್ಲಿ ಕುರ್ಚಿಗಳ ಬೆನ್ನಿನ ಮೇಲೆ, ಕಿಟಕಿಯ ಸರಳುಗಳ ಮೇಲೆ, ಮಡಿಸಿಟ್ಟ ಏಣಿಯ ಮೇಲೆ ಒದ್ದೆ ಬಟ್ಟೆಗಳು ಹರಡಿದ್ದವು, ಮನೆಯೆಲ್ಲ ಒಣಗದ ಬಟ್ಟೆಯ ಮುಗ್ಗುಲು ವಾಸನೆ. ಆ ಬಟ್ಟೆಗಳ ನಡುವೆ ಅವಳು ನೆಲ ಒರೆಸುತ್ತಿದ್ದಳು. ತಲೆಯೆತ್ತಿ ನೋಡಿದಳು, ಸರಿದು ದಾರಿ ಬಿಟ್ಟಳು. ಊಟ ಆಯ್ತಾ ಎಂದು ಕೇಳಲಿಲ್ಲ. ಅವನು ಬಸ್ಸಿನುದ್ದಕ್ಕೂ ಕಾಯುತ್ತ ಬಂದಿದ್ದು ಆ ಒಂದು ಮಾತಿಗೆ ಎಂದು ಅದು ಬಾರದಿದ್ದಾಗ ಗೊತ್ತಾಯಿತು.

"ಸ್ವಲ್ಪ ಎಲ್ರೂ ಮೇಲೆ ಬರಬೇಕು" ಎಂದ. "ಆ ಹಗ್ಗಾನೂ ತನ್ನಿ. ಎಲ್ಲಿತ್ತೋ ಅಲ್ಲೇ ಕಟ್ಟಬೇಕು."

"ಹಗ್ಗಾನಾ? ಅದನ್ನ ಎಸೆದಾಯ್ತಲ್ಲ."

"ಇದೆ. ತಂದಿಟ್ಟಿದೀನಿ" ಎಂದಳು ಅವಳು. ಮೆಲ್ಲನೆ ಹೇಳಿದರೂ ತಮ್ಮ ತಿರುಗಿ ನೋಡಿದ.

ತಾರಸಿಯ ಮೇಲೆ ಅವತ್ತಿನದೇ ಬಿಸಿಲು, ಅವತ್ತಿನದೇ ಹೊತ್ತು. ಅವಳು ಹಗ್ಗವನ್ನು ಹಳೆಯ ಕೊಕ್ಕೆಗಳಿಗೇ ಬಿಗಿದು, ಅದರ ಮೇಲೆ ಒದ್ದೆ ಬೆಡ್‌ಶೀಟೊಂದನ್ನು ಹಾಕಿದಳು. ನೆರಳು ನೆಲದ ಮೇಲೆ ಬಿದ್ದಿತು. ಪ್ಯಾನೆಲ್‌ಗಳ ಕಾಲಿಗೂ ಅದಕ್ಕೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ಕಾಲು ಚಾಚಿ ಮಲಗುವಷ್ಟು ಜಾಗ ಉಳಿದಿತ್ತು. ತಮ್ಮ ಬಗ್ಗಿ ಆ ಜಾಗವನ್ನು ನೋಡಿದ, ಸೂರ್ಯನನ್ನು ನೋಡಿದ, ಮತ್ತೆ ಜಾಗವನ್ನು ನೋಡಿದ. ಇವನು ಪಕ್ಕಕ್ಕೆ ಸರಿದು, ತನ್ನ ನೆರಳನ್ನು ಕಾಲ ಹಿಂದೆ ಇಟ್ಟುಕೊಂಡು, ಕ್ಯಾಮೆರಾದ ಪರದೆಯನ್ನು ಅವರಿಬ್ಬರಿಗೂ ತೋರಿಸಿದ. ಮುಂದಿನ ಸಾಲು ಆಗಲೂ ಕೆಲಸ ಮಾಡುತ್ತಿತ್ತು. ಪ್ಯಾನೆಲ್‌ಗಳು ಉದ್ದಕ್ಕೂ ಒಂದೇ ಸಮನಾದ ನೀಲಿ. "ಈಗ ನೋಡಿ" ಎಂದು ಟೋಪಿ ಹಾಕಿಕೊಂಡು, ಅವತ್ತು ನಿಂತ ಜಾಗಕ್ಕೆ ಹೋಗಿ ಪರದೆ ಅವರಿಗೆ ಕಾಣುವಂತೆ ಹಿಡಿದು ಬಿಸಿಲಿಗೆ ಬೆನ್ನು ಕೊಟ್ಟು ನಿಂತ. ಆ ಜಾಗವನ್ನು ಅವನ ಕಾಲುಗಳು ತಾವೇ ಹುಡುಕಿಕೊಂಡವು. ಸುಮ್ಮನೆ ನಿಂತಿರುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಅವತ್ತು ಇಲ್ಲಿ ಹೊತ್ತು ಹೋದದ್ದೇ ಅರಿವಿಗೆ ಬಂದಿರಲಿಲ್ಲ. ಇವತ್ತು ಬೆನ್ನು ಸುಡುತ್ತಿತ್ತು, ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಪರದೆಯ ಮೇಲೆ ಎರಡು ಚೌಕಗಳು ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿದವು.

"ಅದೇ ಎರಡು" ಎಂದ ತಮ್ಮ.

"ಅದೇ. ನನ್ನ ನೆರಳದು. ಹಗ್ಗಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮಕ್ಕ ಏನೂ ಮಾಡಿಲ್ಲ. ನಿಮ್ಮ ಪ್ಯಾನೆಲ್ ಸುಟ್ಟಿದ್ದು ಸಿಡಿಲಿಗೇ. ಕೆಳಗೆ ಸಿಡಿಲು ತಡೆಯೋ ಡಬ್ಬಿ ಇದೆಯಲ್ಲ, ಅದು ಸಿಡಿಲು ಹೊಡೆದ ಗುರುತಿಗೆ ಕೆಂಪು ತೋರಿಸ್ತಾ ಇತ್ತು. ಹಳೇದಾಗಿ ಹಾಗಾಗಿದೆ ಅಂತ ಅಸಡ್ಡೆ ಮಾಡಿದೆ. ಅದನ್ನೂ ಸುಟ್ಟ ಪ್ಯಾನೆಲ್ಲನ್ನೂ ಬದಲಾಯಿಸಿದ್ರೆ ಆ ಸಾಲು ಮತ್ತೆ ನಡೆಯುತ್ತೆ. ಹಾಗಂತಲೇ ಬರೀತೀನಿ. ತಪ್ಪು ನಂದು ಅಂತಾನೂ ಬರೀತೀನಿ."

ಹೇಳಿಯಾಯಿತು. ಎದೆಯ ಮೇಲಿಂದ ಏನೋ ಇಳಿಯುತ್ತದೆ ಎಂದುಕೊಂಡಿದ್ದ. ಇಳಿಯಲಿಲ್ಲ, ಬಾಯಿ ಮಾತ್ರ ಒಣಗಿತು. ತಮ್ಮ, ಬೈಯುವುದೋ ನಗುವುದೋ ತಿಳಿಯದೆ, ಕೊನೆಗೆ ನಕ್ಕ. "ನಿಮ್ಮ ತಲೆ ಇಷ್ಟು ಬಿಸಿ ಅಂತ ಗೊತ್ತಿದ್ರೆ ಮೊಟ್ಟೆಗೆ ನಿಮ್ಮನ್ನೇ ಕಾವು ಕೂರಿಸ್ತಿದ್ದೆ ಸಾರ್!" ಅವಳು ನಗಲಿಲ್ಲ. ಕೆಂಪು ಚೌಕಗಳನ್ನೇ ನೋಡುತ್ತಿದ್ದಳು. ಆಮೇಲೆ ತಮ್ಮನ ಹುಬ್ಬು ಗಂಟಿಕ್ಕಿತು. "ಅಲ್ಲ ಸಾರ್, ಇಷ್ಟು ಬಿಸಿ ಆಗ್ಬೇಕಾದ್ರೆ ಬಹಳ ಹೊತ್ತು ನಿಲ್ಲಬೇಕಲ್ವಾ? ನೀವು ತಿಳಿದೋರು. ಬಿಸಿಲಲ್ಲಿ ಅಷ್ಟು ಹೊತ್ತು ಅಲ್ಲೇ ಯಾಕೆ ನಿಂತಿದ್ರಿ?"

ಬಸ್ಸಿನಲ್ಲಿ ಏನೆಲ್ಲ ಯೋಚಿಸಿದ್ದ, ಇದೊಂದನ್ನು ಯೋಚಿಸಿರಲಿಲ್ಲ. ನಿಮ್ಮಕ್ಕನ ಜೊತೆ ಮಾತಾಡುತ್ತಿದ್ದೆ ಎನ್ನಬೇಕು, ಅದೇ ನಿಜ. ಆದರೆ ಆ ನಿಜ ಬಾಯಿಂದ ಹೊರಬಿದ್ದ ಕೂಡಲೇ ಹಗ್ಗದ ಜಾಗದಲ್ಲಿ ಹರಟೆ ಬಂದು ಕೂರುತ್ತದೆ. ಮೊಟ್ಟೆ ಕೊಂದವಳು ಹೋಗಿ, ಬಂದ ಗಂಡಸಿನ ಜೊತೆ ತಾರಸಿಯಲ್ಲಿ ನಿಂತವಳು ಬರುತ್ತಾಳೆ. ಅವಳ ಮೇಲಿಂದ ಎತ್ತಿದ್ದನ್ನು ಅವಳ ಮೇಲೆಯೇ ಇನ್ನೊಂದು ಬಗೆಯಲ್ಲಿ ಹೊರಿಸಿದಂತೆ. ಅವಳ ಕೈ ಒದ್ದೆ ಬೆಡ್‌ಶೀಟಿನ ಅಂಚನ್ನು ಹಿಡಿದು ನಿಂತುಬಿಟ್ಟಿತ್ತು. ಏನೋ ಹೇಳಲು ಅವಳು ಬಾಯಿ ತೆರೆದದ್ದು ಅವನಿಗೆ ಕಂಡಿತು. ಅವಳಿಗಿಂತ ಮೊದಲು ತಾನು ಹೇಳಿಬಿಡಬೇಕು.

"ಫೋನ್ ಬಂದಿತ್ತು" ಎಂದ. "ಮನೆಯಿಂದ. ಮಾತಾಡ್ತಾ ಅಲ್ಲೇ ನಿಂತುಬಿಟ್ಟೆ."

"ಮನೆಯವ್ರಾ?"

"ಹೂಂ." ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಳ್ಳಿಗೆ ಅಭ್ಯಾಸವಿಲ್ಲದವನು ಅದಕ್ಕೊಂದು ಆಸರೆ ಕೊಡಲು ಹೋಗುತ್ತಾನೆ. "ಊಟ ಆಯ್ತಾ ಅಂತ ಕೇಳೋಕೆ" ಎಂದು ಸೇರಿಸಿದ. "ನಂಗೆ ಯಾರೂ ಹಾಗೆ... ಅಂದ್ರೆ, ಕೆಲಸದ ಹೊತ್ತಲ್ಲಿ ಯಾವತ್ತೂ ಕೇಳಲ್ಲ. ಅವತ್ತು ಕೇಳಿದ್ರು. ನೆರಳು ನೋಡ್ಕೊಳ್ಳೋದೇ ಮರೆತುಹೋಯ್ತು."

ತಮ್ಮನ ಮುಖದ ಗಂಟು ಸಡಿಲಾಯಿತು. "ಹೆಂಡ್ತಿ ಫೋನಂದ್ರೆ ಹಾಗೇ ಸಾರ್. ಎಲ್ಲಿ ನಿಂತಿದೀವಿ ಅನ್ನೋದೇ ಗೊತ್ತಾಗಲ್ಲ" ಎಂದು, ಮದುವೆಯಾದ ಗಂಡಸರ ಗುಂಪಿಗೆ ಸೇರಿಸಿಕೊಳ್ಳುವವನಂತೆ, ಇವನ ಭುಜ ತಟ್ಟಿದ. ಇವನು ಅವಳ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳು ತನ್ನನ್ನು ನೋಡುತ್ತಿರುವುದು, ಅವತ್ತಿನಂತೆಯೇ, ಕೆನ್ನೆಯ ಒಂದು ಬದಿಗೆ ಗೊತ್ತಾಗುತ್ತಿತ್ತು. ಅವತ್ತು ಯಾವ ಫೋನೂ ಬಂದಿರಲಿಲ್ಲ, ಮನೆಯಲ್ಲಿ ಯಾರೂ ಇಲ್ಲ, ಈ ಎರಡೂ ಗೊತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಟೋಪಿ ತೆಗೆದು ಬೆವರು ಒರೆಸಿಕೊಂಡು ಅವನು ಸುಟ್ಟ ಪೆಟ್ಟಿಗೆಯ ಚಿತ್ರಗಳನ್ನು ಹೊಸದಾಗಿ ತೆಗೆಯತೊಡಗಿದ.

ಕೆಳಗಿಳಿದಾಗ ತಮ್ಮ ಸೊಂಟದ ಗೊಂಚಲಿನಿಂದ ಆ ಹೊಳೆಯುವ ಕೀಲಿಯನ್ನು ಬಿಡಿಸಲು ಪರದಾಡಿದ. ಉಗುರು ಹಾಕಿ ಎಳೆದು, ಬಾಯಲ್ಲಿ ಕಚ್ಚಿ, ಕೊನೆಗೂ ಬಿಡಿಸಿ ಮೇಜಿನ ಮೇಲಿಟ್ಟ. "ಅಕ್ಕಾ, ಇನ್ಮೇಲೆ ನೀನೇ ನೋಡ್ಕೋ. ನಂಗೆ ಆ ಕತ್ತಲೇಲಿ ಕಣ್ಣು ಕಾಣಲ್ಲ" ಎಂದ. ತಪ್ಪಾಯಿತು ಎನ್ನಲಿಲ್ಲ, ಅಷ್ಟು ಅವನಿಗೆ ಬರುತ್ತಿರಲಿಲ್ಲ. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೀಲಿಯನ್ನು ಎತ್ತಿಕೊಂಡಳು, ಹಿಡಿ ಮುಚ್ಚಿದಳು. ಆಮೇಲೆ ಇವನ ಕಡೆ ತಿರುಗಿ, "ಕೂತ್ಕೊಳ್ಳಿ, ನೀರು ತರ್ತೀನಿ" ಎಂದಳು. ಇವನು ಬಟ್ಟೆ ಹರಡದ ಒಂದೇ ಒಂದು ಕುರ್ಚಿಯ ಕಡೆ ನೋಡಿದ.

"ತಡೀಬೇಡ ಅಕ್ಕ ಅವ್ರನ್ನ" ಎಂದ ತಮ್ಮ. ಮೊದಲ ಬಾರಿಗೆ ಅವನ ದನಿಯಲ್ಲಿ ನಿಜವಾದ ಆದರವಿತ್ತು. "ಸಂಜೆ ಬಸ್ಸು ತಪ್ಪಿದ್ರೆ ಆಮೇಲೆ ಕಷ್ಟ. ಪಾಪ, ಮನೇಲಿ ಕಾಯ್ತಾ ಇರ್ತಾರೆ."

"ಹೌದು" ಎಂದ ಇವನು. "ಕಾಯ್ತಾ ಇರ್ತಾರೆ."

ಅವಳು ಬಾಗಿಲವರೆಗೆ ಬಂದಳು. ತಮ್ಮ ಪಕ್ಕದಲ್ಲೇ ನಿಂತಿದ್ದ. ಇವನು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಇನ್ನು ಈ ಮನೆಗೆ ಬರಲು ಯಾವ ನೆವವೂ ಉಳಿದಿಲ್ಲ ಎಂದು ಲೆಕ್ಕ ಹಾಕುತ್ತ ಟೋಪಿ ಸರಿಮಾಡಿಕೊಂಡ. ಅವಳ ಮುಖದಲ್ಲಿ ಅವತ್ತಿನ ನಗುವಿರಲಿಲ್ಲ, ಅದಕ್ಕಿಂತ ಮೆತ್ತನೆಯದೇನೋ ಇತ್ತು. ಇವನು ಅದನ್ನು ಹೆಚ್ಚು ಹೊತ್ತು ನೋಡಲಾರದೆ ಹೋದ.

"ಮನೆಯವ್ರನ್ನ ಕೇಳ್ದೆ ಅಂತ ಹೇಳಿ" ಎಂದಳು.

"ಹೇಳ್ತೀನಿ."

"ಮರೀಬೇಡಿ ಮತ್ತೆ."

"ಇಲ್ಲ. ಹೇಳ್ತೀನಿ."

ರಸ್ತೆಗೆ ಬಂದು ಸ್ವಲ್ಪ ದೂರ ನಡೆದ ಮೇಲೆ ತಿರುಗಿ ನೋಡಿದ. ಅವಳು ಆಗಲೇ ತಾರಸಿಗೆ ಹೋಗಿದ್ದಳು. ಕುರ್ಚಿಗಳ ಮೇಲಿದ್ದ ಬಟ್ಟೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಒಂದೊಂದಾಗಿ ಹಗ್ಗದ ಮೇಲೆ ಹಾಕುತ್ತಿದ್ದಳು. ಪಕ್ಕದಲ್ಲಿ ತಮ್ಮ ಗೋಡೆಗೆ ಮೊಣಕೈ ಊರಿ ಇವನನ್ನೇ ನೋಡುತ್ತಿದ್ದ. ಕೈಯನ್ನು ಕಿವಿಗೆ ಹಿಡಿದು, ಮನೆಗೆ ಫೋನ್ ಮಾಡಿ, ಹೊರಟೆ ಅಂತ ಹೇಳಿ ಎಂಬಂತೆ ತಮಾಷೆಗೆ ಸನ್ನೆ ಮಾಡಿದ. ಇವನು ತಲೆಯಾಡಿಸಿ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡ. ಬೆಳಿಗ್ಗೆ ಮ್ಯಾನೇಜರಿಗೆ ಮಾಡಿದ ಮೇಲೆ ಆ ಫೋನಿಗೆ ಯಾವ ಕರೆಯೂ ಬಂದಿರಲಿಲ್ಲ. ಸುಮ್ಮನೆ ಹಿಡಿದುಕೊಂಡರೆ ಸಾಕಿತ್ತು, ಅಷ್ಟು ದೂರಕ್ಕೆ ತುಟಿ ಕಾಣುವುದಿಲ್ಲ. ಆದರೂ ಅವನು ಮಾತಾಡಿದ. "ಹೂಂ, ಮುಗೀತು" ಎಂದ. "ಬರ್ತಾ ಇದೀನಿ." ಅಂಗಡಿಯ ತಿರುವು ಬಂತು, ತಾರಸಿ ಮರೆಯಾಯಿತು, ಎದುರಿಗೆ ಖಾಲಿ ಬಸ್ ನಿಲ್ದಾಣ ಕಾಣಿಸಿತು. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಒಬ್ರು ನಿನ್ನನ್ನ ಕೇಳಿದ್ರು" ಎಂದ.